ಬಂಡೆ ಬಾಬ್ತು

ಹನ್ನೊಂದು ವರ್ಷದಿಂದ ಒಂದು ಬಂಡೆ ಹೊರುತ್ತಿದ್ದೇನೆ,
ಬೀರುವಿನಿಂದ ಮೇಜಿಗೆ, ಮೇಜಿನಿಂದ ಜೀಪಿಗೆ,
ಜೀಪಿನಿಂದ ಮಧ್ಯಸ್ಥಗಾರರ ಮುಂದಕ್ಕೆ.
ಕೆಂಪು ದಾರ ಬಿಗಿದ ನಾಲ್ಕು ಸಂಪುಟದ ಬಂಡೆ.

ಹೊಳಲ್ಕೆರೆ ಕಡೆಯ ನಾಲೆ, ಹದಿನೇಳನೇ ಕಿಲೋಮೀಟರು.
ಟೆಂಡರಿನಲ್ಲಿ ಅದು 'ಗಟ್ಟಿ ಮಣ್ಣು'.
ಅಗೆದ ಮೂರನೇ ದಿನ ಠಣ್ ಎಂದಿತು.
ಚಿತ್ರದುರ್ಗದ ನೆಲದಲ್ಲಿ ಕಲ್ಲು ಸಿಕ್ಕಿತೆಂದು
ಬೆರಗಾದವರು ನಾವೇ ಮೊದಲಿರಬೇಕು.

ಅನಿರೀಕ್ಷಿತ, ಎಂದು ಬರೆದರು ಗುತ್ತಿಗೆದಾರ ಪಾಲಾಕ್ಷಪ್ಪ.
ನಿರೀಕ್ಷಿಸಬೇಕಿತ್ತು, ಎಂದು ಬರೆದೆವು ನಾವು.
ಇಪ್ಪತ್ತೆಂಟನೇ ಷರತ್ತು, ಎಂದರು.
ಅದರ ಕೆಳಗಿನ ಉಪಷರತ್ತು, ಎಂದೆವು.
ಪ್ರತಿ ಪತ್ರದ ಕೊನೆಗೆ 'ತಮ್ಮ ವಿಶ್ವಾಸಿ' ಎಂದು
ಟೈಪು ಮಾಡಿದವನು ನಾನು.
ಆ ಜಾಗ ಬಿಟ್ಟರೆ ಕಡತದಲ್ಲಿ
ವಿಶ್ವಾಸ ಬೇರೆಲ್ಲೂ ಇರಲಿಲ್ಲ.

ಅರ್ಧ ನಾಲೆಯಲ್ಲಿ ಮಳೆನೀರು ನಿಂತಿತು, ಎಮ್ಮೆ ಮಲಗಿದವು.
ಜಾಲಿ ಬೆಳೆಯಿತು.
ಜಾಲಿ ಕಡಿಸುವುದು ಯಾರ ಬಾಬ್ತು ಎಂದು
ಇನ್ನೊಂದು ಕಡತ ಹುಟ್ಟಿತು.

ಈಗ ಮೇಲ್ಗಾಲುವೆ ಕೆಲಸ. ಟೆಂಡರು ಮತ್ತೆ ಪಾಲಾಕ್ಷಪ್ಪನವರಿಗೇ.
ಸರ್ವಮಂಗಳಾ ಮೇಡಂ ತಂದ ಕರಾರು ತೆಳ್ಳಗಿತ್ತು:
'ತೊಡಕು ಕಂಡವರು ಕಂಡ ದಿನವೇ ಹೇಳತಕ್ಕದ್ದು.
ಹೇಳಿದ್ದಕ್ಕಾಗಿ ಅವರನ್ನು ದಂಡಿಸತಕ್ಕದ್ದಲ್ಲ.
ಉಳಿದರೆ ಇಬ್ಬರಿಗೂ, ಮುಳುಗಿದರೆ ಇಬ್ಬರಿಗೂ.'
ನಾನು ಹಾಳೆ ತಿರುವಿ ತಿರುವಿ ಹುಡುಕಿದೆ:
ದಂಡದ ಪುಟಗಳು ಬಿಟ್ಟುಹೋಗಿವೆ ಮೇಡಂ.
ಬಿಟ್ಟಿಲ್ಲ, ಅರ್ಧ ಪುಟ ಇದೆ, ಅಂದರು.

ಗುತ್ತಿಗೆದಾರನ ಜೊತೆ ಒಂದೇ ತಟ್ಟೇಲಿ ಉಣ್ಣೋದಕ್ಕೆ
ಇದು ಹೊಸ ಹೆಸರೋ, ಎಂದು ಕೇಳಿದರು ಆಡಿಟ್‌ನವರು.
ನನಗೂ ಅದೇ ಅನುಮಾನವಿತ್ತು. ಪೂರ್ತಿ ಹೋಗಿಲ್ಲ.
ಆದರೆ ಲೆಕ್ಕದ ಪುಸ್ತಕ ಎಲ್ಲರೆದುರು ತೆರೆದಿಡಬೇಕೆಂದಾಗ,
ಡೀಸೆಲ್ಲು, ಕಂಬಿ, ಬ್ಯಾಂಕಿನ ಬಡ್ಡಿ ಓದಿ ಮುಗಿಸಿ
ಲಾಭದ ಸಾಲಿಗೆ ಬಂದಾಗ, ಪಾಲಾಕ್ಷಪ್ಪ
ಹೆಣ್ಣು ನೋಡಲು ಹೋದಲ್ಲಿ ಸಂಬಳ ಹೇಳುವ ಹುಡುಗನಂತೆ
ತಲೆ ತಗ್ಗಿಸಿದ್ದು ಕಂಡೆ.

ಕಲ್ಲಿನ ಮೇಸ್ತ್ರಿ ತಿಮ್ಮಾಬೋವಿ ಕೇಳಿದ:
ಏನ್ ಬರ್ದೈತೆ ಸಾಮಿ ಅದ್ರಾಗೆ?
ಹೇಳಿದೆ. ಅವನು ಎಲೆ ಅಡಿಕೆ ಉಗಿದು ಬಂದು ನಿಂತ.
'ನಮ್ಮಪ್ಪ ಬಾವಿ ತೋಡೋವಾಗ ಹಿಂಗೇ.
ಮಣ್ಣಿಗಿಷ್ಟು, ಗರಸಿಗಿಷ್ಟು,
ಬಂಡೆ ಬಂದ್ರೆ ಕುಂತು ಮಾತಾಡಾಣ.
ನೀರು ಬಂದ್ರೆ ಒಂದು ಪಂಚೆ, ಒಂದು ಕುರಿ.'
ಬರದಿದ್ದರೆ?
'ಯಜಮಾನಂಗೂ ಉಪಾಸ, ನಮಗೂ ಉಪಾಸ.'
ಸಹಿ?
'ಇಬ್ರೂ ಒಂದೇ ಕಡ್ಡೀಲಿ ಬೀಡಿ ಹಚ್ಕೊಳ್ಳೋರು.'

ಆಷಾಢದ ಒಂದು ಬೆಳಿಗ್ಗೆ ಆರೂವರೆಗೆ ಫೋನು.
ನಾಲ್ಕನೇ ಕಂಬದ ಬುಡ, ಮೇಡಂಗೆ ಹೇಳಿ,
ಬಂಡೆ ಇರುತ್ತೆ ಅಂತ ನಂಬಿದ್ವಲ್ಲ,
ಇಲ್ಲ. ಕೈ ಹಾಕಿದ್ರೆ ಮೆತ್ತಗೆ.
ಬೇಡವೆಂದಾಗ ಅಡ್ಡ ಕೂತ ನೆಲ
ಬೇಕೆಂದಾಗ ಕಾಲು ಕಿತ್ತಿತ್ತು.

ಹತ್ತು ಗಂಟೆಗೆಲ್ಲ ಗುಂಡಿಯ ಸುತ್ತ ನಾವಿದ್ದೆವು,
ಬೋರಲು ಹಾಕಿದ ಬಾಂಡ್ಲಿಗಳ ಮೇಲೆ.
ಖಾಲಿ ಸಿಮೆಂಟು ಚೀಲದ ಬೆನ್ನಿಗೆ ಗೆರೆ ಎಳೆದು
ಮೇಡಂ ಕಂಬವನ್ನು ಆರು ಮೀಟರು ಸರಿಸಿದರು.
ಅಲ್ಲಲ್ಲ, ಐದೇ ಸಾಕು, ಅಂದ ತಿಮ್ಮಾಬೋವಿ
ಹಾರೆಯಿಂದ ನೆಲ ಕುಟ್ಟಿ, ಕಿವಿಗೊಟ್ಟು.
ಬೋರು ಹಾಕಿಸಿದರು. ಐದೇ ಸಾಕಾಯಿತು.
ಕೆಲಸ ನಿಂತದ್ದು ನಾಲ್ಕು ದಿನ.
ಪತ್ರ ಬರೆಯಲು ಜೊತೆಗೆ ಹೋಗಿದ್ದ ನಾನು
ಚಹಾ ಲೋಟಗಳನ್ನು ಎಣಿಸಿದೆ.

ಹಳೆಯ ಬಂಡೆ ಹಾಗೇ ಇದೆ. ಮೊನ್ನೆ ವಿಚಾರಣೆ,
ಜೀಪು ಗ್ಯಾರೇಜಿನಲ್ಲಿ.
ನಮ್ಮ ಕಾರಿಗೇ ಬನ್ನಿ, ಅಂದರು ಪಾಲಾಕ್ಷಪ್ಪ, ಪ್ರತಿವಾದಿ ಅಂದರೆ ನೀವೇ ತಾನೆ.
ನಾಲ್ಕು ಸಂಪುಟ ಹಿಂದಿನ ಸೀಟಿನಲ್ಲಿ, ನಾನು ಮುಂದೆ.
ಊರಾಚೆ ಹಂಪು. ಬ್ರೇಕು ಒತ್ತುತ್ತಲೇ
ಅವರ ಎಡಗೈ ತಾನಾಗಿ ಹಿಂದಕ್ಕೆ ಚಾಚಿತು,
ಕಡತ ಬೀಳದಂತೆ ಹಿಡಿಯಿತು.